ಕತ್ತರಿಸಿದ ತುಂಡಿನ ಹಿಂಬದಿ

ಹಳೆಯ ಪತ್ರಿಕೆಯಿಂದ ಕತ್ತರಿಸಿಟ್ಟ ತುಂಡೊಂದನ್ನು ಯಾರಾದರೂ ಕೈಗಿತ್ತರೆ ನಾನು ಮೊದಲು ಅದನ್ನು ಮಗುಚಿ ನೋಡುತ್ತೇನೆ. ಮುಂಬದಿಯಲ್ಲಿ ಏನಿರಬೇಕು ಎಂಬುದನ್ನು ಕತ್ತರಿ ಹಿಡಿದವರು ಆರಿಸಿರುತ್ತಾರೆ. ಗಾಂಧೀಜಿ ತೀರಿಕೊಂಡ ಸುದ್ದಿ, ಮಗನ ಪರೀಕ್ಷೆಯ ಫಲಿತಾಂಶ, ಊರಿಗೆ ಮಂತ್ರಿಗಳು ಬಂದಾಗಿನ ಫೋಟೊ. ಹಿಂಬದಿಯನ್ನು ಮಾತ್ರ ಯಾರೂ ಆರಿಸಿದ್ದಲ್ಲ. ಅಲ್ಲಿ ತಲೆಗೆ ಹಚ್ಚುವ ಎಣ್ಣೆಯ ಅರ್ಧ ಜಾಹೀರಾತು, ಅಡಿಕೆ ಧಾರಣೆಯ ನಾಲ್ಕು ಸಾಲು, ‘ಮನೆ ಬಾಡಿಗೆಗೆ ಇದೆ’ ಎಂಬ ಸಣ್ಣ ಪ್ರಕಟಣೆ, ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸಿನ ಒಂದು ಕೈ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಇಪ್ಪತ್ತನೆಯ ಶತಮಾನವನ್ನು ಮಕ್ಕಳಿಗೆ ವಿವರಿಸುವಾಗ ಮುಂಬದಿಗಿಂತ ಈ ಹಿಂಬದಿಯೇ ನನಗೆ ಹೆಚ್ಚು ನೆರವಾಗಿದೆ. ಪಠ್ಯಪುಸ್ತಕದಲ್ಲಿ ಯುದ್ಧ ಯಾವಾಗ ಶುರುವಾಯಿತು ಎಂದಿರುತ್ತದೆ. ಆ ಯುದ್ಧ ತೀರ್ಥಹಳ್ಳಿಯ ಅಡುಗೆಮನೆಗೆ ಹೇಗೆ ಬಂತು ಎಂಬುದು ಜಾಹೀರಾತಿನಲ್ಲಿದೆ.

ನನಗೆ ಈ ಹುಚ್ಚು ಹತ್ತಿದ್ದಕ್ಕೆ ಅಪ್ಪಯ್ಯ ಕಾರಣ. ಅವರು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಪತ್ರಿಕೆ ಏಜೆಂಟರಾಗಿದ್ದರು. ಶಿವಮೊಗ್ಗದಿಂದ ಬಸ್ಸಿನ ಟಾಪಿನ ಮೇಲೆ ಕಟ್ಟು ಬರುತ್ತಿತ್ತು. ಮಳೆಗಾಲದಲ್ಲಿ ಬಸ್ಸು ಬಾರದೆ ಎರಡು ದಿನದ ಪೇಪರು ಒಟ್ಟಿಗೆ ಸಿಕ್ಕಿದ್ದೂ ಉಂಟು. ಮಾರಾಟವಾಗದೆ ಉಳಿದ ವಾರಪತ್ರಿಕೆಗಳನ್ನು ಇಡಿಯಾಗಿ ವಾಪಸು ಕಳಿಸಿದರೆ ಸಾಗಣೆಯ ಖರ್ಚೇ ಜಾಸ್ತಿ. ಅದಕ್ಕೇ ಮುಖಪುಟದ ಹೆಸರು, ತಾರೀಖು ಇರುವ ಪಟ್ಟಿಯನ್ನಷ್ಟೇ ಕತ್ತರಿಸಿ ಕಚೇರಿಗೆ ಕಳಿಸಿ ಲೆಕ್ಕ ತೀರಿಸಿಕೊಳ್ಳುತ್ತಿದ್ದರು. ಉಳಿದ ಭಾಗ ನಮ್ಮ ಮನೆಯ ಅಟ್ಟ ಸೇರುತ್ತಿತ್ತು. ಹೀಗಾಗಿ ನಾನು ಓದಿ ಬೆಳೆದದ್ದೆಲ್ಲ ಹೆಸರಿಲ್ಲದ, ತಾರೀಖಿಲ್ಲದ ಪತ್ರಿಕೆಗಳನ್ನೇ. ಇದು ಯಾವ ವರ್ಷದ್ದು ಎಂದು ಕೇಳಿದರೆ ಅಪ್ಪಯ್ಯ ಸುದ್ದಿಯನ್ನು ಓದುತ್ತಲೇ ಇರಲಿಲ್ಲ. ಜಾಹೀರಾತಿನ ಮೂಲೆಗೆ ಬೆರಳಿಟ್ಟು, “ಬೆಲೆ ನೋಡು, ವಿಳಾಸ ನೋಡು” ಎನ್ನುತ್ತಿದ್ದರು.

ಆ ಎರಡು ಮಾತು ಈಗಲೂ ನನ್ನ ಮುಖ್ಯ ಸಲಕರಣೆ. ಬೆಲೆ ರೂಪಾಯಿ, ಆಣೆ, ಪೈಗಳಲ್ಲಿದ್ದರೆ ತುಂಡು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ಅಂದಿನಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯಾಪೈಸೆ ಬಂತು. ‘ನ.ಪೈ.’ ಎಂದಿದ್ದರೆ 1957ಕ್ಕೂ 1964ಕ್ಕೂ ನಡುವಿನದು ಎನ್ನಬಹುದು, ಏಕೆಂದರೆ 1964ರ ಜೂನ್‌ನಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ತೂಕ ಸೇರು, ತೊಲ, ಮಣಗಳಲ್ಲಿದೆಯೋ ಗ್ರಾಂ, ಕಿಲೊಗಳಲ್ಲಿದೆಯೋ ನೋಡಬೇಕು. ಮೆಟ್ರಿಕ್ ಪದ್ಧತಿ 1958ರಿಂದ ಹಂತ ಹಂತವಾಗಿ ಜಾರಿಗೆ ಬಂತು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು. ಬೆಂಗಳೂರಿನ ದಂಡು ಪ್ರದೇಶವನ್ನು ಬೇರೆ ಊರೆಂಬಂತೆ ಬರೆದಿದ್ದರೆ ಅದು ಬ್ರಿಟಿಷರ ಕೈಯಲ್ಲಿದ್ದ ಕಾಲದ ನೆನಪು, 1947ರಲ್ಲಿ ಅದು ಮೈಸೂರಿಗೆ ಮರಳಿ ಬಂತು. ಒಂದೊಂದೇ ಸುಳಿವಿನಿಂದ ನಿರ್ಧಾರಕ್ಕೆ ಬರಬಾರದು. ಅಂಗಡಿಯವರು ಹಳೆಯ ಬ್ಲಾಕನ್ನೇ ವರ್ಷಗಟ್ಟಲೆ ಅಚ್ಚು ಹಾಕಿಸುತ್ತಿದ್ದರು. ಎರಡು ಮೂರು ಸುಳಿವು ಕೂಡಿ ಬಂದಾಗ ತುಂಡಿಗೆ ತಾನಾಗಿಯೇ ತಾರೀಖು ಬರುತ್ತದೆ.

ತರಗತಿಯಲ್ಲಿ ಇದನ್ನು ಹಂಚಿದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, “ಮೇಡಂ, ಆಣೆ ಅಂದ್ರೆ ಎಷ್ಟು?” ಆರೂಕಾಲು ಪೈಸೆ ಎಂದರೆ ನಗುತ್ತಾರೆ, ಕಾಲು ಪೈಸೆ ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ಆಗಿನ ಜನರೂ ಅದನ್ನೇ ಕೇಳಿದ್ದರು ಎನ್ನುತ್ತೇನೆ. ಅಲ್ಲಿಂದ ಪಾಠ ಅಳತೆಗೆ ಹೊರಳುತ್ತದೆ. ಸೇರು ಎಂದರೆ ಎಲ್ಲ ಊರಲ್ಲೂ ಒಂದೇ ಸೇರಲ್ಲ, ಕೊಳಗವೂ ಅಷ್ಟೇ. ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಅಳತೆ ಯಾರ ಕೈಯಲ್ಲಿದೆ ಎಂಬುದು ಹೊಟ್ಟೆಯ ಪ್ರಶ್ನೆಯಾಗಿತ್ತು. ಇದು ಗೊತ್ತಾದ ಮೇಲೆ ಮೆಟ್ರಿಕ್ ಪದ್ಧತಿ ಎಂಬ ಒಣ ಪಾಠಕ್ಕೆ ಮಕ್ಕಳು ಕಿವಿಗೊಡುತ್ತಾರೆ.

ಹಿಂಬದಿ ಮುಂಬದಿಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಅಚ್ಚಿನ ಮನೆಯ ಕೆಲಸದ ಕ್ರಮವೇ ಕಾರಣ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಜಾಹೀರಾತಿನ ಪುಟಗಳು ಮೊದಲು ತಯಾರಾಗುತ್ತಿದ್ದವು. ಚಿತ್ರದ ಸತುವಿನ ಬ್ಲಾಕು ಬೊಂಬಾಯಿಯಿಂದಲೋ ಮದ್ರಾಸಿನಿಂದಲೋ ಮೊದಲೇ ಬಂದಿರುತ್ತಿತ್ತು. ಅದರ ಸುತ್ತ ಕನ್ನಡದ ಸಾಲುಗಳನ್ನು ಕೂರಿಸಿ ಚೌಕಟ್ಟು ಬಿಗಿದಿಟ್ಟರೆ ಆ ಪುಟ ಮುಗಿದಂತೆ. ಸುದ್ದಿಯ ಪುಟ ಮಾತ್ರ ರಾತ್ರಿ ಕೊನೆಯ ತಂತಿ ಬರುವವರೆಗೂ ತೆರೆದಿರುತ್ತಿತ್ತು. 1948ರ ಜನವರಿ 30ರ ಸಂಜೆ ಐದೂಕಾಲರ ಸುಮಾರಿಗೆ ದೆಹಲಿಯಲ್ಲಿ ಗಾಂಧೀಜಿಯ ಮೇಲೆ ಗುಂಡು ಹಾರಿದಾಗ ಎಷ್ಟೋ ಪತ್ರಿಕೆಗಳ ಒಳಪುಟ ಆಗಲೇ ಬಿಗಿದಾಗಿತ್ತು. ಮರುದಿನದ ಒಂದು ಪುಟವನ್ನು ನಮ್ಮ ಊರಿನ ಹಿರಿಯರೊಬ್ಬರು ಕಟ್ಟು ಹಾಕಿಸಿಟ್ಟಿದ್ದರು. ಗಾಜು ಒಡೆದು ಹೊರಗೆ ತೆಗೆದಾಗ ಅದರ ಹಿಂದೆ ಕಂಡದ್ದು ಸಿನಿಮಾ ಜಾಹೀರಾತು, ಮುಲಾಮಿನ ಜಾಹೀರಾತು. ದೇಶವೇ ಅಳುತ್ತಿದ್ದ ದಿನ ಇದೇನು ಎಂದು ಆ ಮನೆಯವರಿಗೆ ಮುಜುಗರವಾಯಿತು. ನನಗೆ ಮಾತ್ರ ಅದು ಆ ಶುಕ್ರವಾರ ಸಂಜೆ ಐದು ಗಂಟೆಯವರೆಗೆ ಲೋಕ ಎಂದಿನಂತೆಯೇ ಇತ್ತು ಎನ್ನುವುದಕ್ಕೆ ಸಾಕ್ಷಿಯಾಗಿ ಕಂಡಿತು. ಅಂದಹಾಗೆ ಮೊದಲ ಪುಟ ಸುದ್ದಿಗೇ ಮೀಸಲು ಎಂಬುದು ತೀರ ಹಳೆಯ ಪದ್ಧತಿಯೂ ಅಲ್ಲ. ಮದ್ರಾಸಿನ ‘ದಿ ಹಿಂದೂ’ ತನ್ನ ಮೊದಲ ಪುಟದಿಂದ ಜಾಹೀರಾತನ್ನು ಇಳಿಸಿ ಸುದ್ದಿ ಹಾಕತೊಡಗಿದ್ದು 1958ರಲ್ಲಿ, ಲಂಡನ್ನಿನ ‘ದಿ ಟೈಮ್ಸ್’ 1966ರಲ್ಲಿ.

ಈಗ ಮಹಾಯುದ್ಧಗಳ ವಿಷಯಕ್ಕೆ ಬರುತ್ತೇನೆ. ನನ್ನ ಸಂಗ್ರಹದಲ್ಲಿ ನಾನು ಅತಿ ಹೆಚ್ಚು ಸಲ ಕೈಗೆತ್ತಿಕೊಳ್ಳುವುದು ಗಂಧದ ಸೋಪಿನ ಮತ್ತು ಕಾಫಿಯ ಜಾಹೀರಾತುಗಳನ್ನು. ಇವೆರಡೂ ಹಡಗು ನಿಂತದ್ದರಿಂದ ಹುಟ್ಟಿದ ಕಥೆಗಳು.

ಮೈಸೂರು ಸಂಸ್ಥಾನದ ಶ್ರೀಗಂಧ ಮೊದಲು ಮರವಾಗಿಯೇ ಹರಾಜಾಗಿ ಯುರೋಪಿಗೆ ಹೋಗುತ್ತಿತ್ತು. ಅದರಿಂದ ಎಣ್ಣೆ ತೆಗೆಯುವ ಕೆಲಸ ಮುಖ್ಯವಾಗಿ ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಹಡಗಿನ ದಾರಿ ಮುಚ್ಚಿತು, ಗಂಧ ಗೋದಾಮಿನಲ್ಲೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆಯನ್ನು ನಾವೇ ಯಾಕೆ ತೆಗೆಯಬಾರದು ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ, ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಭಟ್ಟಿ ಇಳಿಸುವ ವಿಧಾನ ರೂಪಿಸಿದರು. 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಇಲ್ಲಿಯೇ ಶುರುವಾಯಿತು. ಸೋಪಿನ ತಂತ್ರ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಎಸ್.ಜಿ. ಶಾಸ್ತ್ರಿಯವರು ಗಂಧದ ಪರಿಮಳವನ್ನು ಸೋಪಿನಲ್ಲಿ ಹಿಡಿದಿಟ್ಟರು. ಉದ್ದುರುಟಿನ ಆಕಾರ, ಆನೆಯ ತಲೆ ಸಿಂಹದ ಮೈ ಇರುವ ಶರಭದ ಮುದ್ರೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಎಲ್ಲವೂ ಯೋಚಿಸಿ ಮಾಡಿದ್ದು. ಪ್ರಚಾರಕ್ಕೆ ಬೆಂಕಿಪೊಟ್ಟಣ, ಟ್ರಾಮ್ ಟಿಕೆಟ್ಟುಗಳನ್ನೂ ಬಿಡಲಿಲ್ಲ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರು. ಸಂಸ್ಥಾನವೊಂದು ತನ್ನ ಸರಕನ್ನು ತಾನೇ ಹೀಗೆ ಸಾರಿದ್ದನ್ನು ನೋಡಿದಾಗ ನನಗೆ ಹೆಮ್ಮೆಯಾಗುತ್ತದೆ, ಅದನ್ನು ಬಚ್ಚಿಡುವುದಿಲ್ಲ. ಮೊದಲ ಮಹಾಯುದ್ಧದ ಪಾಠವನ್ನು ನಾನು ಸರಾಯೆವೊದಿಂದ ಶುರು ಮಾಡುತ್ತಿರಲಿಲ್ಲ. ಬಚ್ಚಲುಮನೆಯಿಂದ ಶುರು ಮಾಡುತ್ತಿದ್ದೆ.

ಕಾಫಿಯದ್ದೂ ಇಂಥದೇ ಇತಿಹಾಸ, ನಮಗೆ ಇನ್ನೂ ಹತ್ತಿರದ್ದು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಬೀಜಕ್ಕೆ ಪರದೇಶವೇ ದೊಡ್ಡ ಮಾರುಕಟ್ಟೆಯಾಗಿತ್ತು. 1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಬೆಲೆ ಕುಸಿಯಿತು. 1935ರಲ್ಲಿ ಕಾಫಿಯ ಮೇಲೆ ಸೆಸ್ ಹಾಕಿ ಆ ಹಣದಿಂದ ಪ್ರಚಾರ ಮಾಡುವ ಕಾನೂನು ಬಂತು. ಮರುವರ್ಷ ಬೊಂಬಾಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೇ ಮಹಾಯುದ್ಧ ಯುರೋಪಿನ ಬಾಗಿಲನ್ನು ಪೂರಾ ಮುಚ್ಚಿದಾಗ ಬೀಜವನ್ನು ಇಲ್ಲಿಯವರಿಗೇ ಕುಡಿಸದೆ ಬೇರೆ ದಾರಿ ಇರಲಿಲ್ಲ. 1942ರ ಕಾಫಿ ಕಾಯ್ದೆ, ಕಾಫಿ ಮಂಡಳಿ ಎಲ್ಲ ಈ ಇಕ್ಕಟ್ಟಿನ ಮಕ್ಕಳು. ಆ ಕಾಲದ ಕಾಫಿ ಜಾಹೀರಾತನ್ನು ಹತ್ತಿರದಿಂದ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅದು ಕಾಫಿ ಒಳ್ಳೆಯದು ಎಂದು ಹೇಳಿ ಸುಮ್ಮನಾಗುವುದಿಲ್ಲ, ಕಾಫಿ ಮಾಡುವುದು ಹೇಗೆ ಎಂದು ಕಲಿಸುತ್ತದೆ. ಪುಡಿ ಎಷ್ಟು, ನೀರು ಎಷ್ಟು ಕುದಿಯಬೇಕು, ಎಷ್ಟು ಹೊತ್ತು ಮುಚ್ಚಿಡಬೇಕು. ಕಲಿಸಬೇಕಾಗಿದೆ ಎಂದರೆ ಓದುವ ಎಲ್ಲರಿಗೂ ಅದು ಇನ್ನೂ ಗೊತ್ತಿರಲಿಲ್ಲ ಎಂದೇ ಅರ್ಥ. ಕಾಫಿ ನಮ್ಮ ಮನೆಗಳ ಅನಾದಿಕಾಲದ ಸಂಪ್ರದಾಯ ಎಂದು ಯಾರಾದರೂ ಹೇಳಿದರೆ ನಾನು ಆ ತುಂಡನ್ನು ತೋರಿಸುತ್ತೇನೆ. ಕಾಫಿ ಕುಡಿಯುವುದು ಕೆಟ್ಟ ಚಟ ಎಂದು ಮನೆಯ ಹಿರಿಯರು ಬೈಯುತ್ತಿದ್ದ ಕಾಲ ಅಷ್ಟೇನೂ ದೂರದ್ದಲ್ಲ. 1957ರಲ್ಲಿ ಮಂಡಳಿ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅದರಲ್ಲಿ ಮೊದಲನೆಯದು ಬೆಂಗಳೂರಿನದು.

ಯುದ್ಧಕಾಲದ ಪುಟಗಳಿಗೆ ಇನ್ನೊಂದು ಗುರುತಿದೆ. ಅವು ಸಣ್ಣವು, ತೆಳುವಾದವು, ಅಕ್ಷರಗಳು ಒತ್ತೊತ್ತಾಗಿವೆ. ಕಾಗದ ಹೊರದೇಶದಿಂದ ಬರಬೇಕಿತ್ತು, ಬರಲಿಲ್ಲ. ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ್ದು, 1942ರಲ್ಲಿ ಬರ್ಮಾ ಜಪಾನಿಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದು, ಲೋಹ ಉಳಿಸಲು 1943ರಲ್ಲಿ ತೂತಿನ ಕಾಸು ಬಂದದ್ದು, ಇವೆಲ್ಲ ನಮ್ಮ ಅಜ್ಜ ಅಜ್ಜಿಯರ ಮಾತಿನಲ್ಲಿ ಇದ್ದೇ ಇದ್ದವು.

ಆದರೆ ನಮ್ಮ ಮಲೆನಾಡಿನ ಮಟ್ಟಿಗೆ ಶತಮಾನದ ಅತಿ ದೊಡ್ಡ ಸಂಗತಿ ಬೇರೆಯೇ ಇದೆ. ಅದು ಯಾವ ತಲೆಬರಹದಲ್ಲೂ ಇಲ್ಲ.

ಹಳೆಯ ಪತ್ರಿಕೆಗಳ ತುಂಬ ಚಳಿಜ್ವರದ ಔಷಧದ ಜಾಹೀರಾತುಗಳಿವೆ. ಮಿಕ್ಸ್‌ಚರು, ಗುಳಿಗೆ, ಲೇಹ್ಯ, ಕ್ವಿನೈನ್ ಬೆರೆಸಿದ್ದು, ಕ್ವಿನೈನ್ ಬೆರೆಸದ್ದು. ‘ಜ್ವರಗಡ್ಡೆ ಕರಗಿಸುತ್ತದೆ’ ಎಂಬ ಭರವಸೆ ಮತ್ತೆ ಮತ್ತೆ ಬರುತ್ತದೆ. ಮಲೇರಿಯಾ ಪದೇ ಪದೇ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿ ಕೈಗೆ ಸಿಗುವಷ್ಟು ಗಟ್ಟಿಯಾಗುತ್ತಿತ್ತು, ಅದನ್ನೇ ನಮ್ಮ ಕಡೆ ಜ್ವರಗಡ್ಡೆ ಎನ್ನುತ್ತಿದ್ದರು. ಕೆಲವು ಜಾಹೀರಾತುಗಳಲ್ಲಿ ಸೊಂಟ ಸಣ್ಣಗಾಗಿ ಹೊಟ್ಟೆ ಮುಂದೆ ಬಂದ ಹುಡುಗನ ರೇಖಾಚಿತ್ರವಿದೆ. ಪಕ್ಕದಲ್ಲಿ ಔಷಧ ಕುಡಿದು ದುಂಡಗಾದ ಅದೇ ಹುಡುಗ. ಮೊದಲ ಚಿತ್ರದಂಥ ಮಕ್ಕಳು ಊರೂರಲ್ಲೂ ಇದ್ದರು. ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹೆದರುತ್ತಿದ್ದರು, ಮನೆಗೆ ಮನೆಯೇ ಖಾಲಿಯಾದ ಜಾಗಗಳನ್ನು ಅಪ್ಪಯ್ಯ ಹೆಸರಿಟ್ಟು ತೋರಿಸುತ್ತಿದ್ದರು. 1942ರಲ್ಲಿ ಜಾವಾ ಜಪಾನಿಯರ ಕೈಸೇರಿದಾಗ ಲೋಕದ ಕ್ವಿನೈನಿನ ಬಹುಪಾಲು ಅಲ್ಲಿಂದಲೇ ಬರುತ್ತಿದ್ದುದರಿಂದ ಇಲ್ಲಿ ಔಷಧವೂ ದುರ್ಲಭವಾಯಿತು. ಆಮೇಲೆ ನಾಟಿ ಮದ್ದಿನ ಜಾಹೀರಾತುಗಳು ಇನ್ನೂ ಜೋರಾಗಿ ಕೂಗತೊಡಗಿದವು.

ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಆಗಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಖಾಕಿ ಚಡ್ಡಿ ಹಾಕಿಕೊಂಡ ಕೆಲಸಗಾರರು ಪಂಪು ಹೊತ್ತು ಮನೆಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದರು, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋದರು. 1960ರ ದಶಕದ ನಡುವಿಗೆ ದೇಶದಲ್ಲಿ ದಾಖಲಾದ ಪ್ರಕರಣ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಈಗ ಆ ವರ್ಷಗಳ ಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿ. ಮಂತ್ರಿಮಂಡಲ ಬಿದ್ದದ್ದು, ಏಕೀಕರಣವಾದದ್ದು, ಚುನಾವಣೆ ಎಲ್ಲ ದೊಡ್ಡಕ್ಷರದಲ್ಲಿವೆ. ‘ಇನ್ನು ಮಲೆನಾಡಿನ ಮಕ್ಕಳು ಜ್ವರಕ್ಕೆ ಸಾಯುವುದಿಲ್ಲ’ ಎಂಬ ತಲೆಬರಹ ನನ್ನ ಕಟ್ಟುಗಳಲ್ಲಿ ಎಲ್ಲೂ ಸಿಕ್ಕಿಲ್ಲ. ಚಳಿಜ್ವರದ ಜಾಹೀರಾತು ಮಾತ್ರ ವಾರವಾರವೂ ಬರುತ್ತಿದ್ದದ್ದು ಅಪರೂಪವಾಯಿತು, ಆಮೇಲೆ ನಿಂತಿತು. ಆ ಜಾಗದಲ್ಲಿ ಫೌಂಟನ್ ಪೆನ್ನು, ರೇಡಿಯೊ, ವನಸ್ಪತಿ ತುಪ್ಪ ಬಂದು ಕೂತವು. ಜಾಹೀರಾತು ನಿಂತದ್ದೇ ಅಲ್ಲಿ ಸುದ್ದಿ. ಹಳೆಯ ಪುಟಗಳನ್ನು ಓದುವ ಕಲೆಯಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಕಲಿತಿಲ್ಲ. ಇದರ ಮುಂದಿನ ಕಥೆ ಸಿಹಿಯಾಗಿಲ್ಲ. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಎಚ್ಚರ ಸಡಿಲವಾಯಿತು, 1976ರಲ್ಲಿ ಪ್ರಕರಣಗಳು ಮತ್ತೆ 64 ಲಕ್ಷಕ್ಕೆ ಏರಿದವು. ಮಣ್ಣು ನೀರಿಗೆ ಡಿಡಿಟಿ ಮಾಡಿದ ಹಾನಿ ಗೊತ್ತಾಗಿ 1989ರಲ್ಲಿ ಕೃಷಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಿದರು.

ಜಾಹೀರಾತು ಹೇಳಿದ್ದನ್ನೆಲ್ಲ ನಂಬಬೇಕೆಂದು ನಾನು ಹೇಳುತ್ತಿಲ್ಲ. ಮಾರುವವನಿಗೆ ಏನು ಬೇಕಿತ್ತು ಎಂಬುದಕ್ಕೆ ಅದು ಸಾಕ್ಷಿ, ಕೊಂಡವನ ಬದುಕಿಗೆ ಅಲ್ಲ. 1930ರ ದಶಕದಲ್ಲಿ ಹಾರ್ಲಿಕ್ಸ್‌ಗಾಗಿ ಜಾಹೀರಾತು ಬರೆಯುವವರು ‘ರಾತ್ರಿಯ ಹಸಿವು’ ಎಂಬ ಹೊಸ ಕಾಯಿಲೆಯನ್ನೇ ಕಟ್ಟಿದರು. ಮಲಗಿದಾಗ ದೇಹ ಹಸಿಯುತ್ತದೆ, ಅದಕ್ಕೇ ಬೆಳಿಗ್ಗೆ ಸುಸ್ತು ಎಂದು ಹೆದರಿಸಿ ಲೋಟ ಕೈಗಿತ್ತರು. ವೈದ್ಯಶಾಸ್ತ್ರದಲ್ಲಿ ಅಂಥ ಕಾಯಿಲೆ ಇರಲೇ ಇಲ್ಲ. ಅಮೆರಿಕದಲ್ಲಿ ವೈದ್ಯರು ಹೆಚ್ಚಾಗಿ ಸೇದುವುದು ನಮ್ಮದೇ ಸಿಗರೇಟು ಎಂದು 1940ರ ದಶಕದಲ್ಲಿ ಒಂದು ಕಂಪನಿ ಹೆಮ್ಮೆಯಿಂದ ಸಾರಿತು. ಇಂಥವನ್ನು ನೋಡಿದಾಗ ಆ ಕಾಲದವರು ಯಾವುದಕ್ಕೆ ಹೆದರುತ್ತಿದ್ದರು, ಯಾರ ಮಾತಿಗೆ ಬೆಲೆ ಕೊಡುತ್ತಿದ್ದರು ಎಂಬುದು ತಿಳಿಯುತ್ತದೆ. ಅಷ್ಟು ತಿಳಿದರೂ ದೊಡ್ಡ ಲಾಭವೇ. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿಯಾದರು. ಸಿನಿಮಾದಲ್ಲಿ ನಟಿಸುವ ಹೆಣ್ಣನ್ನು ಮನೆತನಸ್ಥರು ಹತ್ತಿರ ಸೇರಿಸದಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ನಟಿಯ ಮುಖ ನೋಡಿ ಮನೆತನಸ್ಥರು ಸೋಪು ಕೊಳ್ಳುತ್ತಾರೆ ಎಂದು ಕಂಪನಿ ಲೆಕ್ಕ ಹಾಕಿತ್ತು. ಸಮಾಜ ಒಳಗೊಳಗೇ ಬದಲಾಗುತ್ತಿದ್ದುದನ್ನು ವ್ಯಾಪಾರಿ ಸುಧಾರಕನಿಗಿಂತ ಮೊದಲೇ ಮೂಸಿದ್ದ.

ಯಾರು ಕಾಣಿಸುವುದಿಲ್ಲ ಎಂಬುದನ್ನೂ ಕೇಳಬೇಕು. ಕೊಳ್ಳುವ ದುಡ್ಡು ಇಲ್ಲದವರು ಜಾಹೀರಾತಿನ ಲೋಕದಲ್ಲಿಲ್ಲ. ಗದ್ದೆಯಲ್ಲಿ ದುಡಿದವರು, ಕೊನೆ ತೆಗೆದವರು, ಘಟ್ಟದ ರಸ್ತೆಗೆ ಕಲ್ಲು ಹೊತ್ತವರು ಆ ಚಿತ್ರಗಳಲ್ಲಿ ಎಲ್ಲೂ ಇಲ್ಲ. ‘ಬ್ರಾಹ್ಮಣರ ಹೋಟೆಲ್’ ಎಂಬ ಹೆಸರು, ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಬಾಡಿಗೆ ಮನೆಯ ಸಾಲು ಎಗ್ಗಿಲ್ಲದೆ ಅಚ್ಚಾಗುತ್ತಿದ್ದವು. ಅದನ್ನು ಬರೆದವರಿಗೆ ಸಂಕೋಚವಿರಲಿಲ್ಲ, ಅಚ್ಚು ಹಾಕಿದವರಿಗೂ ಇರಲಿಲ್ಲ. ಆ ಸಾಲನ್ನು ಮಕ್ಕಳ ಮುಂದೆ ಜೋರಾಗಿ ಓದಿದಾಗಲೆಲ್ಲ ತರಗತಿ ಸ್ತಬ್ಧವಾಗಿದೆ. ಬಡವರ ಸುಳಿವು ಬೇಕೆಂದರೆ ಬಣ್ಣದ ಜಾಹೀರಾತು ಬಿಟ್ಟು ಕೋರ್ಟಿನ ಹರಾಜು ನೋಟೀಸುಗಳನ್ನು ಓದಬೇಕು. ಸಾಲಗಾರನ ಹೆಸರು, ಗ್ರಾಮ, ಸರ್ವೆ ನಂಬರು, ಎಷ್ಟು ಗುಂಟೆ, ಚಕ್ಕುಬಂದಿ. ಒಂದೊಂದು ನೋಟೀಸೂ ಒಂದು ಮನೆ ಮುಳುಗಿದ ಲೆಕ್ಕ. 1930ರ ದಶಕದಲ್ಲಿ ಬೆಳೆಯ ಬೆಲೆ ನೆಲಕಚ್ಚಿದ್ದರ ಅರ್ಥ ನನಗಾದದ್ದು ಅರ್ಥಶಾಸ್ತ್ರದ ಪುಸ್ತಕದಿಂದಲ್ಲ, ಅಂಥ ಸಣ್ಣಕ್ಷರದ ಸಾಲುಗಳಿಂದ.

ಜಾಹೀರಾತಿನ ಹಣವೇ ಸುದ್ದಿಯನ್ನು ಸಾಕಿದ್ದೂ ನಿಜ. ಕಾಶೀನಾಥುನಿ ನಾಗೇಶ್ವರರಾವ್ ಎಂಬ ತೆಲುಗರು 1893ರಲ್ಲಿ ಬೊಂಬಾಯಿಯಲ್ಲಿ ಅಮೃತಾಂಜನ ತಯಾರಿಸಲು ಶುರು ಮಾಡಿದರು. ಸಂಗೀತ ಕಚೇರಿಗಳಲ್ಲಿ ಅದನ್ನು ಉಚಿತವಾಗಿ ಹಂಚಿ ಹೆಸರು ಮಾಡಿದರು. ಆ ದುಡಿಮೆಯಿಂದಲೇ 1908ರಲ್ಲಿ ‘ಆಂಧ್ರಪತ್ರಿಕೆ’ ಹೊರಟಿತು, ಮುಂದೆ ಅದು ಸ್ವಾತಂತ್ರ್ಯ ಹೋರಾಟದ ದನಿಯಾಯಿತು. ಸುದ್ದಿಯ ಬಾಯಿ ಕಟ್ಟಿದಾಗ ಜಾಹೀರಾತು ಮಾತಾಡಿದ್ದೂ ಇದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದರು. ಜೂನ್ 28ರಂದು ಬೊಂಬಾಯಿಯ ‘ಟೈಮ್ಸ್ ಆಫ್ ಇಂಡಿಯಾ’ದ ನಿಧನ ವಾರ್ತೆಯ ಅಂಕಣದಲ್ಲಿ ಯಾರೋ ಒಬ್ಬರು 26ರಂದು ತೀರಿಕೊಂಡರೆಂಬ ಎರಡು ಮೂರು ಸಾಲು ಬಂತು. ಹೆಸರನ್ನು ಒಂದೇ ಉಸಿರಿನಲ್ಲಿ ಓದಿದರೆ ಸತ್ತದ್ದು ಪ್ರಜಾಪ್ರಭುತ್ವ. ಹೆಂಡತಿಯ ಹೆಸರಲ್ಲಿ ಸತ್ಯವಿತ್ತು, ಮಗನ ಹೆಸರಲ್ಲಿ ಸ್ವಾತಂತ್ರ್ಯವಿತ್ತು. ಸೆನ್ಸಾರಿನ ಕಣ್ಣು ಸುದ್ದಿಯ ಮೇಲಿದ್ದಾಗ ಹಣ ಕೊಟ್ಟು ಹಾಕಿಸಿದ ಸಣ್ಣ ಪ್ರಕಟಣೆ ನುಸುಳಿಕೊಂಡು ಹೋಯಿತು.

ದೊಡ್ಡ ಸಂಗತಿಗಳನ್ನು ಬಿಟ್ಟು ಒಂದು ಪುಟ್ಟ ತುಂಡನ್ನು ತೋರಿಸುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲೇ ಬರುತ್ತಿದ್ದ ದಿನಗಳವು. ಪುಟದ ತುಂಬ ಇರುವೆ ಸಾಲಿನಂತೆ ನಂಬರುಗಳು, ಹೆಸರೇ ಇಲ್ಲ. ಅಪ್ಪಯ್ಯನ ಕಟ್ಟು ಬರುವ ಬಸ್ಸಿಗೆ ಅಂದು ಊರೇ ಕಾಯುತ್ತಿತ್ತು. ಹಳ್ಳಿಯ ಒಂದು ಮನೆಯವರು ಕೊಟ್ಟ ಅಂಥ ತುಂಡಿನಲ್ಲಿ ಒಂದು ನಂಬರಿಗೆ ಕೆಂಪು ಶಾಯಿಯ ಸುತ್ತು ಹಾಕಿದೆ. ಸುತ್ತು ಹಾಕುವಾಗ ಕೈ ನಡುಗಿದ್ದು ಗೆರೆಯಲ್ಲೇ ಕಾಣುತ್ತದೆ. ಆ ಮನೆತನದಲ್ಲಿ ಮೊದಲ ಬಾರಿಗೆ ಪಾಸಾದವಳು ಒಬ್ಬ ಹುಡುಗಿ. ಹಿಂಬದಿಯಲ್ಲಿ ಟೈಪಿಂಗ್, ಶೀಘ್ರಲಿಪಿ ಕಲಿಸುವ ಸಂಸ್ಥೆಯ ಜಾಹೀರಾತಿದೆ, ‘ಮಹಿಳೆಯರಿಗೆ ಪ್ರತ್ಯೇಕ ತರಗತಿ’ ಎಂಬ ಸಾಲಿನ ಅರ್ಧ ಮಾತ್ರ ಉಳಿದಿದೆ. ಅವಳು ಟೈಪಿಂಗ್ ಕಲಿತು ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳಂತೆ. ಈ ಒಂದು ತುಂಡಿನ ಎರಡು ಮುಖಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣ, ಉದ್ಯೋಗ ಕುರಿತ ಒಂದು ಅಧ್ಯಾಯವೇ ಇದೆ.

ಇಷ್ಟೆಲ್ಲ ಗ್ರಂಥಾಲಯಗಳಲ್ಲಿ ಇರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪೂರಾ ಇರುವುದಿಲ್ಲ, ನನ್ನ ಸಂಕಟ ಅದೇ. ಮಾಸಪತ್ರಿಕೆ, ವಾರಪತ್ರಿಕೆಗಳನ್ನು ವರ್ಷಕ್ಕೊಂದು ಸಂಪುಟವಾಗಿ ಬೈಂಡ್ ಮಾಡಿಸುವಾಗ ಹೊದಿಕೆಯನ್ನೂ ಜಾಹೀರಾತಿನ ಪುಟಗಳನ್ನೂ ಕಿತ್ತು ಎಸೆಯುವ ವಾಡಿಕೆ ಲೋಕದಾದ್ಯಂತ ಇತ್ತು. ಕಥೆ, ಕವಿತೆ, ಲೇಖನ ಮುಖ್ಯ, ಉಳಿದದ್ದು ದಪ್ಪ ಹೆಚ್ಚಿಸುತ್ತದೆ ಎಂಬ ಲೆಕ್ಕ. ನಾನು ತಿರುವಿ ನೋಡಿದ ಹಳೆಯ ಕನ್ನಡ ಸಂಪುಟಗಳಲ್ಲಿ ಎಷ್ಟೋ ಹೀಗೆ ಬೋಳಾಗಿವೆ. ಅವನ್ನೇ ಈಗ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸುವಾಗ ಜಾಹೀರಾತಿಲ್ಲದ ಪ್ರತಿಯೇ ಶಾಶ್ವತವಾಗುತ್ತದೆ. ಹಾಗಾಗಿ ಯಾರದೋ ಮನೆಯ ಟ್ರಂಕಿನಲ್ಲಿ ಹೊದಿಕೆ ಸಮೇತ ಉಳಿದಿರುವ ಬಿಡಿ ಸಂಚಿಕೆ ಗ್ರಂಥಾಲಯದ ಕ್ಯಾಲಿಕೊ ರಟ್ಟಿನ ಸಂಪುಟಕ್ಕಿಂತ ಕೆಲವೊಮ್ಮೆ ಹೆಚ್ಚು ಬೆಲೆಯುಳ್ಳದ್ದು.

ಉಳಿಸಿಕೊಳ್ಳುವುದೂ ಸುಲಭವಲ್ಲ. ಸುದ್ದಿಕಾಗದ ಬಾಳಲೆಂದು ಮಾಡಿದ ಕಾಗದವೇ ಅಲ್ಲ. ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ಗಾಳಿ ಬೆಳಕು ತಾಗಿದಾಗ ಅದೇ ಹಳದಿಯಾಗುತ್ತದೆ. ಒಳಗೆ ಆಮ್ಲ ಹುಟ್ಟಿ ಎಳೆ ಮುರಿಯುತ್ತದೆ, ಮಡಿಕೆ ಇದ್ದಲ್ಲಿ ಮೊದಲು ಸೀಳುತ್ತದೆ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ 1980ರ ದಶಕದಲ್ಲಿ ಸುದ್ದಿಕಾಗದವನ್ನೂ ತಯಾರಿಸತೊಡಗಿತು. ನಾಡಿನ ಎಷ್ಟೋ ಪತ್ರಿಕೆಗಳು ನಮ್ಮೂರ ಪಕ್ಕದ ಕಾಗದದ ಮೇಲೆ ಅಚ್ಚಾದವು, ಈಗ ಆ ಕಾಗದವೂ ಹಳದಿಯಾಗಿದೆ. ಹರಿದಲ್ಲಿ ಸೆಲ್ಲೊಟೇಪು ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಕಂದು ಕಲೆಯಾಗಿ ಅಕ್ಷರವನ್ನು ನುಂಗುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಅದನ್ನು ಬಿಡಿಸಲಾಗುವುದಿಲ್ಲ. ಬಿಸಿಲು ಬೀಳದ, ತೇವವಿಲ್ಲದ ಕಡೆ, ಮಡಚದೆ, ರಟ್ಟಿನ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಇಡಿ. ಕತ್ತರಿಸಲೇಬೇಕೆಂದಿದ್ದರೆ ಕತ್ತರಿ ಹಾಕುವ ಮುಂಚೆ ಇಡೀ ಪುಟದ ಎರಡೂ ಮುಖದ ಫೋಟೊ ತೆಗೆಯಿರಿ. ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆಯನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ, ಪೆನ್ನಿನಿಂದಲ್ಲ.

ಇನ್ನೊಂದು ಕೋರಿಕೆ ಇದೆ. ಊರಿನ ಹಳೆಯ ಮನೆ ಮಾರುವಾಗ, ಅಟ್ಟ ತೆರವು ಮಾಡುವಾಗ ಪತ್ರಿಕೆಯ ಕಟ್ಟು ಸಿಕ್ಕರೆ ತೂಕಕ್ಕೆ ಹಾಕಿಬಿಡಬೇಡಿ. ಟ್ರಂಕಿನ ತಳಕ್ಕೆ ಹಾಸಿದ್ದನ್ನೂ ಬಿಡಿಸಿ ನೋಡಿ. ಹೊದಿಕೆ ಮತ್ತು ಜಾಹೀರಾತು ಪುಟಗಳು ಉಳಿದಿರುವ ಸಂಚಿಕೆಗಳನ್ನು ಬೇರೆ ಇಡಿ. ಮನೆಯಲ್ಲಿ ಜಾಗವಿಲ್ಲದಿದ್ದರೆ ರದ್ದಿ ಅಂಗಡಿಯವರನ್ನು ಕರೆಯುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ, ಊರಿನ ಗ್ರಂಥಾಲಯಕ್ಕೋ, ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವ ಉತ್ಸಾಹಿಗಳಿಗೋ ಒಂದು ಫೋನ್ ಮಾಡಿ. ಕೊಡುವಾಗ ‘ಜಾಹೀರಾತಿನ ಪುಟಗಳನ್ನು ತೆಗೆಯಬೇಡಿ’ ಎಂದು ಬಾಯಿಬಿಟ್ಟು ಹೇಳಿ.